ಅಧ್ಯಾಪಕರ ಅರೆಕಾಲಿಕ ಉನ್ನತಾಭ್ಯಾಸ : ಒಂದು ವಿಮರ್ಶೆ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ನಿಯಮಾವಳಿಯ ಕರಡಿನಲ್ಲಿ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿಗೆ, ಎಂದರೆ ಎಂ.ಎಡ್.ಗೆ, ಎರಡು ದಾರಿಗಳನ್ನು ತೋರಿಸಲಾಯಿತು. ಒಂದು, ಒಂದು ವರ್ಷದ ಪೂರ್ಣಕಾಲಿಕ ವ್ಯಾಸಂಗ. ಮತ್ತೊಂದು, ಕೆಲಸದಲ್ಲಿರುವ ಅಧ್ಯಾಪಕರಿಗೂ ಶಿಕ್ಷಣದ ಆಡಳಿತದಲ್ಲಿರುವವರಿಗೂ ಉದ್ದೇಶಿಸಿದ ಎರಡು ವರ್ಷದ ಅರೆಕಾಲಿಕ ವ್ಯಾಸಂಗ. ಇಂಥ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಏಳತಕ್ಕ ಮಾತು ಅನುಕೂಲದ್ದು: ಕೆಲಸ ಬಿಡದೆ ಪದವಿ ದೊರೆಯುವುದೆ, ಸಂಬಳ ನಿಲ್ಲದೆ ಓದಬಹುದೆ, ಊರು ಬಿಟ್ಟು ಹೋಗಬೇಕೆ ಎಂಬಿವು. ಈ ಪ್ರಶ್ನೆಗಳು ಸಣ್ಣವಲ್ಲ. ಆದರೆ ಇವುಗಳ ನಡುವೆ ಮುಖ್ಯವಾದ ಇನ್ನೊಂದು ಪ್ರಶ್ನೆ ಮರೆಯಾಗುತ್ತದೆ. ಪೂರ್ಣಕಾಲದ ಗ್ರಂಥಭಾರವನ್ನೇ ಹಗುರವಾಗಿ ಹಂಚಿ ಎರಡು ವರ್ಷ ಹೊರಿಸುವುದು ಈ ಅರೆಕಾಲಿಕ ವ್ಯಾಸಂಗವೆ, ಅಥವಾ ತನ್ನದೇ ಆದ ಸ್ವರೂಪವುಳ್ಳ ಬೇರೊಂದು ವ್ಯಾಸಂಗವೆ? ಇದನ್ನು ನಿರ್ಣಯಿಸದೆ ವರ್ಷಗಳನ್ನು ಎಣಿಸುವುದು ಗೋಡೆಯಿಲ್ಲದೆ ಚಿತ್ರ ಬರೆಯಹೊರಟಂತೆ.

ಮೊದಲು ಪದವನ್ನೇ ನೋಡಬಹುದು. ‘ಅರೆಕಾಲಿಕ’ ಎಂಬಲ್ಲಿ ಅರೆ ಎಂಬುದು ಅಚ್ಚ ಕನ್ನಡ, ಕಾಲಿಕ ಎಂಬುದು ಸಂಸ್ಕೃತ. ಕೇಶಿರಾಜನ ಕಟ್ಟಳೆಯನ್ನು ಹಿಡಿದವರಿಗೆ ಇಲ್ಲಿ ಅರಿಸಮಾಸದ ಸಂಶಯ ಹುಟ್ಟಿಯೇ ಹುಟ್ಟುವುದು. ರೂಢಿಯ ಬಲದಿಂದ ಪದವು ಕ್ಷಮ್ಯವೆನ್ನೋಣ. ಶಬ್ದದ ದೋಷವನ್ನು ರೂಢಿಯು ಮುಚ್ಚಬಲ್ಲದು, ಅರ್ಥದ ದೋಷವನ್ನು ಮುಚ್ಚಲಾರದು. ಕಲಿಯುವ ಕಾಲ ಒಂದು ಅರೆ, ಕಲಿಸುವ ಕಾಲ ಮತ್ತೊಂದು ಅರೆ, ಒಂದು ಬೆಳೆದರೆ ಮತ್ತೊಂದು ಕುಗ್ಗಬೇಕು ಎಂಬ ಭಾವನೆ ಈ ಪದದಲ್ಲಿ ಅಡಗಿದೆ. ಎರಡನ್ನೂ ಹೀಗೆ ಪರಸ್ಪರ ಅರಿಗಳನ್ನಾಗಿ ಮಾಡಿದುದೇ ವಿಚಾರಣೀಯ.

ಇದಕ್ಕೆ ಪ್ರತಿಯಾಗಿ ‘ಶಿಕ್ಷಕ’ ಎಂಬ ಪದ ಹೇಳುವುದೇ ಬೇರೆ. ಶಿಕ್ಷ್ ಧಾತುವಿಗೆ ಧಾತುಪಾಠವು ಕೊಡುವ ಅರ್ಥ ವಿದ್ಯೆಯ ಉಪಾದಾನ, ಎಂದರೆ ಗ್ರಹಣ; ಬೋಧನೆಯಲ್ಲ. ಧಾತುವು ಆತ್ಮನೇಪದಿ. ಪ್ರೇರಣಾರ್ಥದ ಣಿಚ್ ಪ್ರತ್ಯಯ ಸೇರಿದಮೇಲೆ ಕಲಿಸುವುದು ಎಂಬ ಅರ್ಥ ಬರುತ್ತದೆ. ಕರ್ತೃವನ್ನು ಹೇಳುವ ಣ್ವುಲ್ ಪ್ರತ್ಯಯವನ್ನು ಶುದ್ಧಧಾತುವಿಗೆ ಹಚ್ಚಿದರೂ ರೂಪ ಶಿಕ್ಷಕ; ಣಿಜಂತಕ್ಕೆ ಹಚ್ಚಿದರೆ ಣಿ ಲೋಪವಾಗಿ ಮತ್ತೆ ಅದೇ ಶಿಕ್ಷಕ. ಕಲಿಯುವವನೂ ಕಲಿಸುವವನೂ ವ್ಯಾಕರಣದ ಪ್ರಕ್ರಿಯೆಯಲ್ಲಿ ಒಂದೇ ರೂಪಕ್ಕೆ ಬಂದು ನಿಲ್ಲುವರು. ಕನ್ನಡದಲ್ಲಿಯೂ ಹಾಗೆಯೆ: ಕಲಿ ಎಂಬುದಕ್ಕೆ ಇಸು ಹತ್ತಿ ಕಲಿಸು, ಓದು ಎಂಬುದಕ್ಕೆ ಹತ್ತಿ ಓದಿಸು. ಇಸುವನ್ನು ಕಿತ್ತರೆ ಉಳಿಯುವುದು ಕಲಿ. ಕಲಿಯನ್ನು ಕಿತ್ತರೆ ಏನೂ ಉಳಿಯದು. ವ್ಯುತ್ಪತ್ತಿಯಿಂದ ಶಿಕ್ಷಣನೀತಿಯನ್ನು ಸಾಧಿಸಲಾಗದೆಂಬುದು ನಿಜ. ಭಾಷೆಯನ್ನು ಬಳಸಿದವರು ಈ ಎರಡು ಕ್ರಿಯೆಗಳನ್ನು ಬೇರೆ ಬೇರೆ ಗಂಟುಗಳಲ್ಲಿ ಕಟ್ಟಿಡಲಿಲ್ಲ ಎಂಬಷ್ಟು ಮಾತ್ರ ಇದರಿಂದ ತಿಳಿದರೆ ಸಾಕು.

ಇನ್ನು ಪದವಿಯ ಚರಿತ್ರೆ. ಮುಂಬಯಿ ವಿಶ್ವವಿದ್ಯಾಲಯವು 1936ರಲ್ಲಿ ಎಂ.ಎಡ್. ಪದವಿಯನ್ನು ಆರಂಭಿಸಿತು. ಕರ್ಣಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪಿತವಾಗುವವರೆಗೆ ಧಾರವಾಡ, ಬೆಳಗಾವಿಗಳ ಕಾಲೇಜುಗಳು ಮುಂಬಯಿಗೇ ಸೇರಿದ್ದುದರಿಂದ ಈ ಸಂಗತಿಯು ಕನ್ನಡಿಗರಿಗೆ ಹೊರಗಿನದಲ್ಲ. ಸ್ವಾತಂತ್ರ್ಯಾನಂತರ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948–49), ಕೆಲವು ವರ್ಷ ಪಾಠ ಹೇಳಿದ ಅನುಭವವಾದ ಮೇಲೆಯೇ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿಗೆ ಬರುವಂತೆ ಪ್ರೋತ್ಸಾಹಿಸಬೇಕೆಂದು ಸಲಹೆ ಮಾಡಿತು. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಪ್ರೌಢಶಿಕ್ಷಣ ಆಯೋಗವು (1952–53) ಆ ಅನುಭವಕ್ಕೆ ಸಂಖ್ಯೆಯನ್ನೂ ಹೇಳಿತು: ತರಬೇತಿ ಪಡೆದ ಪದವೀಧರನು ಸಾಮಾನ್ಯವಾಗಿ ಕನಿಷ್ಠ ಮೂರು ವರ್ಷ ಪಾಠ ಹೇಳಿರಬೇಕು. ಎರಡು ಆಯೋಗಗಳ ದೃಷ್ಟಿಯಲ್ಲಿಯೂ ಈ ಶಾಸ್ತ್ರಕ್ಕೆ ಅಧಿಕಾರಿಯಾದವನು ತರಗತಿಯಿಂದ ಬಂದವನು.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳುವ ಪದ್ಧತಿಯುಂಟು. ಅವುಗಳಲ್ಲಿ ಅಧಿಕಾರಿಯನ್ನು ಮೊದಲು ಎಣಿಸುವುದು ವೃಥಾ ಅಲ್ಲ. ಯಾರಿಗಾಗಿ ಎಂಬುದು ತಿಳಿಯದೆ ಏನನ್ನು, ಎಷ್ಟನ್ನು, ಹೇಗೆ ಎಂಬುದು ನಿಲ್ಲದು. ಈ ಅನುಬಂಧವನ್ನು ಮನಸ್ಸಿನಲ್ಲಿಟ್ಟು 2014ರ ನಿಯಮಾವಳಿಯನ್ನು ನೋಡಿದರೆ ಆಶ್ಚರ್ಯವಾಗುವುದು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಆಯೋಗವು 2012ರಲ್ಲಿ ವರದಿ ಒಪ್ಪಿಸಿದ ಬಳಿಕ, ಒಂದು ವರ್ಷವಿದ್ದ ಎಂ.ಎಡ್. ಎರಡು ವರ್ಷವಾಯಿತು, ಶಿಕ್ಷಣಶಾಸ್ತ್ರವನ್ನು ಗಂಭೀರವಾದ ವಿದ್ಯೆಯೆಂದು ಎಣಿಸಿದ ಈ ಹೆಜ್ಜೆ ಸ್ತುತ್ಯವೇ. ಆದರೆ ಪ್ರವೇಶಕ್ಕೆ ಕೇಳಿದುದು ಬಿ.ಎಡ್. ಅಥವಾ ಅದಕ್ಕೆ ಸಮಾನವಾದ ಪದವಿಯಲ್ಲಿ ನೂರಕ್ಕೆ 50 ಅಂಕಗಳನ್ನು. ಒಂದು ದಿನದ ಬೋಧನಾನುಭವವನ್ನೂ ಕೇಳಲಿಲ್ಲ. ಅದೇ ನಿಯಮಾವಳಿಯಲ್ಲಿ ಸೇವೆಯಲ್ಲಿರುವವರಿಗೆ ದೂರಕ್ರಮದ ಡಿ.ಎಲ್.ಎಡ್., ಬಿ.ಎಡ್.ಗಳಿಗೂ, ಮೂರು ವರ್ಷದ ಅರೆಕಾಲಿಕ ಬಿ.ಎಡ್.ಗೂ ಸ್ಥಾನವಿತ್ತು, ಎಂ.ಎಡ್.ಗೆ ಅಂಥ ದಾರಿ ಇರಲಿಲ್ಲ. ಆಯೋಗಗಳು ಯಾರನ್ನು ಅಧಿಕಾರಿಯೆಂದು ಕರೆದಿದ್ದುವೋ ಅವನೊಬ್ಬನೇ ಬಾಗಿಲ ಹೊರಗೆ ಉಳಿದನು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ದೂರಕ್ರಮದಲ್ಲಿ ದೊರೆಯುವ ಶಿಕ್ಷಣಶಾಸ್ತ್ರದ ಎಂ.ಎ. ಅನೇಕರಿಗೆ ಆಸರೆಯಾದುದುಂಟು. ಆದರೆ ಅದು ಎಂ.ಎಡ್. ಅಲ್ಲ, ಅಧ್ಯಾಪಕರನ್ನು ತಯಾರಿಸುವ ವಿದ್ಯಾಲಯಗಳ ಹುದ್ದೆಯ ಪ್ರಶ್ನೆ ಬಂದಾಗ ಈ ಭೇದ ಎದ್ದು ನಿಲ್ಲುತ್ತದೆ.

ಹೊರಗೆ ಉಳಿದುದಕ್ಕೆ ಕಾರಣ ದ್ವೇಷವಲ್ಲ, ಲೆಕ್ಕ. ಆ ನಿಯಮದಂತೆ ಎಂ.ಎಡ್. ವಿದ್ಯಾಲಯವು ವರ್ಷಕ್ಕೆ 200 ದಿನ, ವಾರಕ್ಕೆ 36 ಗಂಟೆ ನಡೆಯಬೇಕು; ಪಾಠಗಳಿಗೆ ನೂರಕ್ಕೆ 80ರಷ್ಟು ಹಾಜರಿ ಬೇಕು. ಇತ್ತ 2009ರ ಶಿಕ್ಷಣ ಹಕ್ಕಿನ ಅಧಿನಿಯಮದ ಅನುಸೂಚಿಯಲ್ಲಿ 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕನಿಗೆ, ಪಾಠದ ಸಿದ್ಧತೆಯೂ ಸೇರಿ, ವಾರಕ್ಕೆ ಕನಿಷ್ಠ 45 ಗಂಟೆ ವಿಹಿತವಾಗಿದೆ. ಕೂಡಿದರೆ 81. ಮನುಷ್ಯಮಾತ್ರದವನಿಂದ ಆಗದ ಕೆಲಸ. ಅರೆ ಎಂಬ ಮಾತನ್ನು ಅಕ್ಷರಶಃ ಹಿಡಿದು 36ನ್ನು 18 ಮಾಡಿದರೂ ಮೊತ್ತ 63. ವಾರದ ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತೂವರೆ ಗಂಟೆ. ಇದರಲ್ಲಿ ಬಸ್ಸಿನ ಪ್ರಯಾಣ ಸೇರಿಲ್ಲ, ಪರೀಕ್ಷೆಯ ಓದು ಸೇರಿಲ್ಲ, ಶಿಕ್ಷಕಿಯಾದರೆ ಮನೆಯ ಒಲೆಯೂ ಸೇರಿಲ್ಲ. ರಜದ ದಿನಗಳನ್ನು ಬಳಸಬಹುದೆನ್ನುವರು. ಅದೇ ಅಧಿನಿಯಮವು ಜನಗಣತಿ, ಚುನಾವಣೆ, ವಿಪತ್ಪರಿಹಾರ ಇವುಗಳಿಗೆ ಶಿಕ್ಷಕರನ್ನು ಕಳುಹಿಸಲು ಅವಕಾಶವಿಟ್ಟಿದೆ. 2025ರ ದಸರಾ ರಜದಲ್ಲಿ ಕರ್ಣಾಟಕದ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆ ತಿರುಗಿದುದು ಎಲ್ಲರಿಗೂ ತಿಳಿದ ವಿಷಯ. ಕೆಲಸದ ಭಾರವನ್ನು ಇಳಿಸದೆ ಓದಿನ ಭಾರವನ್ನು ಏರಿಸಿದರೆ ಎಲ್ಲಿಂದಲೋ ಒಂದು ಕಡೆಯಿಂದ ಕಾಲ ಕದಿಯಲೇಬೇಕಾಗುವುದು. ಕದ್ದದ್ದು ನಿದ್ರೆಯಿಂದಾದರೆ ಶಿಕ್ಷಕನಿಗೆ ನಷ್ಟ, ತರಗತಿಯಿಂದಾದರೆ ಮಕ್ಕಳಿಗೆ. ಎರಡನೆಯದೇ ಹೆಚ್ಚು ಸುಲಭ, ಅದನ್ನು ಯಾರೂ ಎಣಿಸುವುದಿಲ್ಲವಾದ್ದರಿಂದ.

ಹೀಗಿರಲು ಅರೆಕಾಲಿಕ ವ್ಯಾಸಂಗವೇ ಸಲ್ಲದೆಂದು ಹೇಳಬಹುದಲ್ಲವೆ ಎಂದು ಪೂರ್ವಪಕ್ಷ. ವ್ಯಾಸಂಗವನ್ನು ಪೂರ್ಣಕಾಲದ ಪಡಿಯಚ್ಚೆಂದು ತಿಳಿದರೆ ಈ ಪೂರ್ವಪಕ್ಷವನ್ನು ಗೆಲ್ಲುವುದು ಕಷ್ಟ. ಹಾಗೆ ತಿಳಿಯಬೇಕಾಗಿಲ್ಲವೆಂಬುದಕ್ಕೆ ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಒಂದು ಪ್ರಸಂಗವಿದೆ. ಶಬ್ದಗಳನ್ನು ಒಂದೊಂದಾಗಿ ಓದಿ ಹೇಳುವುದರಿಂದ ಶಬ್ದಜ್ಞಾನವಾದೀತೆ ಎಂಬ ಪ್ರಶ್ನೆಗೆ ಪತಂಜಲಿಯು ಬೃಹಸ್ಪತಿ–ಇಂದ್ರರ ಕಥೆಯನ್ನು ತೆಗೆಯುತ್ತಾನೆ. ಹೇಳುವವನು ಬೃಹಸ್ಪತಿ, ಕೇಳುವವನು ಇಂದ್ರ, ಅವಧಿ ಸಾವಿರ ದಿವ್ಯವರ್ಷ. ಆದರೂ ಶಬ್ದಗಳ ಕೊನೆ ಕಾಣಲಿಲ್ಲ. ಹಾಗಿರುವಾಗ, ಬಹಳವೆಂದರೆ ನೂರು ವರ್ಷ ಬಾಳುವ ಮನುಷ್ಯನ ಪಾಡೇನು? ಇಲ್ಲಿ ಭಾಷ್ಯಕಾರನು ಇನ್ನೊಂದು ಮಾತನ್ನು ಸೇರಿಸುತ್ತಾನೆ: ವಿದ್ಯೆ ಉಪಯುಕ್ತವಾಗುವುದು ನಾಲ್ಕು ಕಾಲಗಳಿಂದ, ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಅಭ್ಯಸಿಸುವ ಸ್ವಾಧ್ಯಾಯಕಾಲ, ಶಿಷ್ಯರಿಗೆ ಹೇಳುವ ಪ್ರವಚನಕಾಲ, ಕಾರ್ಯದಲ್ಲಿ ತರುವ ವ್ಯವಹಾರಕಾಲ. ಒಂದೊಂದೇ ಪದವನ್ನು ಓದಿಸುತ್ತ ಹೋದರೆ ಮೊದಲನೆಯ ಕಾಲದಲ್ಲಿಯೇ ಆಯುಸ್ಸು ಮುಗಿಯುವುದು. ಆದಕಾರಣ ಉತ್ಸರ್ಗ–ಅಪವಾದಗಳ ಲಕ್ಷಣ ಬೇಕು. ಸಾಮಾನ್ಯವಿಧಿಯೊಂದು, ಅದಕ್ಕೆ ವಿಶೇಷವಿಧಿ ಮತ್ತೊಂದು, ಇಷ್ಟರಿಂದ ಶಬ್ದಸಾಗರವನ್ನು ದಾಟಬೇಕು.

ಭಾಷ್ಯಕಾರನ ಪ್ರಸ್ತಾಪ ವ್ಯಾಕರಣಕ್ಕೆ ಸಂಬಂಧಿಸಿದ್ದು. ಎಂ.ಎಡ್. ಪಾಠಕ್ರಮಕ್ಕೆ ಅದನ್ನು ಎಳೆದು ತರುವುದು ಬಲಾತ್ಕಾರವೆಂದು ತೋರಬಹುದು. ತಂದು ನೋಡಿದರೆ ಮಾತ್ರ ಆ ದೋಷ ಕಾಣದು. ಪೂರ್ಣಕಾಲದ ವಿದ್ಯಾರ್ಥಿಗೆ ಶಿಕ್ಷಣದ ತತ್ತ್ವ, ಮನಃಶಾಸ್ತ್ರ, ಸಮಾಜಶಾಸ್ತ್ರ, ಸಂಶೋಧನಾವಿಧಾನ ಎಲ್ಲವೂ ಆಗಮಕಾಲದಲ್ಲಿ ನಡೆಯತಕ್ಕವು; ಪ್ರವಚನವೂ ವ್ಯವಹಾರವೂ ಅವನಿಗೆ ಮುಂದೆ ಬರುವುವು, ಅಥವಾ ಬಾರದೆಯೂ ಇರಬಹುದು. ಆದಕಾರಣ ತರಗತಿಯಲ್ಲಿ ಏನಾಗುವುದೆಂಬುದರ ಉದಾಹರಣೆಗಳನ್ನೂ ಗ್ರಂಥವೇ ಒದಗಿಸಬೇಕು. ಹತ್ತು ವರ್ಷ ಪಾಠ ಹೇಳಿದ ಶಿಕ್ಷಕಿಗೆ ಪ್ರವಚನ, ವ್ಯವಹಾರಗಳು ಪ್ರತಿನಿತ್ಯದ ಕೆಲಸ. ಉದಾಹರಣೆಗಳು ಅವಳ ಬಳಿ ರಾಶಿಯಾಗಿ ಬಿದ್ದಿವೆ. ಅವಳಲ್ಲಿಲ್ಲದುದು ಲಕ್ಷಣ. ಒಬ್ಬ ಹುಡುಗ ಓದಬಲ್ಲ, ಬರೆಯಲಾರ. ಮತ್ತೊಬ್ಬಳು ಮನೆಯಲ್ಲಿ ಸರಿಯಾಗಿ ಎಣಿಸುವ ಲೆಕ್ಕವನ್ನು ಕರಿಹಲಗೆಯ ಮುಂದೆ ತಪ್ಪುತ್ತಾಳೆ. ಈ ವಿಶೇಷಗಳನ್ನು ಒಂದು ಸಾಮಾನ್ಯದ ಕೆಳಗೆ ತಂದು ನೋಡುವ ಕಣ್ಣು ಅವಳಿಗೆ ಬೇಕಾಗಿದೆ. ಅಂಥವಳಿಗೆ ಗ್ರಂಥದ ಉದಾಹರಣೆಗಳನ್ನು ಮತ್ತೆ ಓದಿಸುವುದು ಪ್ರತಿಪದಪಾಠವೇ ಸರಿ. ಅರೆಕಾಲಿಕ ವ್ಯಾಸಂಗದ ಪಾಠಕ್ರಮ ಚಿಕ್ಕದಾಗಬಹುದು, ಆಗಲೂ ಬೇಕು. ಚಿಕ್ಕದಾದುದರಿಂದ ಅದು ಕೀಳಾಗುವುದಿಲ್ಲ. ಸೂತ್ರವು ಚಿಕ್ಕದೆಂದು ಯಾರೂ ಪಾಣಿನಿಯನ್ನು ಅರೆಕಾಲಿಕನೆಂದು ಕರೆದಿಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ಈ ರೀತಿ ಹೊಸದಲ್ಲ. ಕೌಮುದಿಯನ್ನು ಓದುತ್ತಿರುವವನು ಕಿರಿಯರಿಗೆ ಶಬ್ದರೂಪಗಳನ್ನೂ ಅಮರವನ್ನೂ ಹೇಳುವುದು, ಹೇಳುವಾಗ ಎದ್ದ ಸಂಶಯವನ್ನು ಸಂಜೆ ಗುರುಗಳ ಮುಂದೆ ಇಡುವುದು ಅಲ್ಲಿಯ ನಿತ್ಯಕ್ರಮ. ಇದನ್ನು ಕೊಂಡಾಡುವಾಗ ಅದರ ಕೊರತೆಯನ್ನೂ ಹೇಳಬೇಕು. ಅಲ್ಲಿ ಸಂಶಯವು ಗ್ರಂಥವನ್ನು ಕುರಿತು ಏಳುತ್ತಿತ್ತೇ ಹೊರತು ಕಿರಿಯನು ಏಕೆ ತಪ್ಪಿದನೆಂಬುದನ್ನು ಕುರಿತು ಏಳುತ್ತಿದ್ದುದು ಅಪರೂಪ. ತಪ್ಪಿದವನಿಗೆ ಕಿವಿ ಹಿಂಡುವುದರಲ್ಲಿ ವಿಚಾರ ಮುಗಿಯುತ್ತಿತ್ತು. ಶಿಕ್ಷಣಶಾಸ್ತ್ರವೆಂಬುದೊಂದು ಬೇಕಾದುದೇ ಈ ಕೊರತೆಯನ್ನು ತುಂಬಲು.

ಹೊಸ ಕಾಲದಲ್ಲಿಯೂ ಒಂದು ಮಾದರಿ ಕರ್ಣಾಟಕದಲ್ಲಿಯೇ ನಡೆದಿತ್ತು. 1963ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು, ಅದರ ಸೋದರ ವಿದ್ಯಾಲಯಗಳಂತೆ, ತರಬೇತಿಯಿಲ್ಲದೆ ಕೆಲಸದಲ್ಲಿದ್ದ ಅಧ್ಯಾಪಕರಿಗಾಗಿ ಬೇಸಗೆಯ ಶಾಲೆಯನ್ನೂ ಅಂಚೆಯ ಪಾಠಗಳನ್ನೂ ಕೂಡಿಸಿ ಬಿ.ಎಡ್. ನಡೆಸಿತು. ಬೇಸಗೆಯಲ್ಲಿ ಗುರುಸನ್ನಿಧಿ, ಉಳಿದ ತಿಂಗಳು ತಮ್ಮ ಶಾಲೆಯಲ್ಲಿ ಪಾಠ ಹೇಳುತ್ತ, ಅಂಚೆಯಲ್ಲಿ ಬಂದುದನ್ನು ಓದಿ ಉತ್ತರ ಬರೆಯುವುದು. ನಾಲ್ಕು ಕಾಲಗಳೂ ಒಂದೇ ವರ್ಷದ ಚಕ್ರದಲ್ಲಿ ತಿರುಗುವ ಏರ್ಪಾಡು ಇದು. ಪದವಿಯು ಕೆಳಗಿನದಾದರೂ ಕಾಲವನ್ನು ಯೋಜಿಸಿದ ರೀತಿ ಎಂ.ಎಡ್.ಗೆ ಹೆಚ್ಚು ಒಪ್ಪುವಂಥದು.

ಸ್ನಾತಕೋತ್ತರ ವ್ಯಾಸಂಗದ ಸಾರ ಪ್ರಬಂಧದಲ್ಲಿ ಕಾಣತಕ್ಕದ್ದು. ಶಿಕ್ಷಣಶಾಸ್ತ್ರದ ಪ್ರಬಂಧಗಳಲ್ಲಿ ಒಂದು ಅಚ್ಚು ಬಹುಕಾಲದಿಂದ ನಿಂತಿದೆ. ವಿದ್ಯಾರ್ಥಿಗಳ ಮನೋಭಾವಕ್ಕೂ ಸಾಧನೆಗೂ ಇರುವ ಸಂಬಂಧ ವಿಷಯ, ಪ್ರಶ್ನಾವಳಿಯೊಂದು ಸಾಧನ, ಹುಡುಗರು–ಹುಡುಗಿಯರು, ನಗರ–ಗ್ರಾಮ, ಸರ್ಕಾರಿ–ಖಾಸಗಿ ಎಂಬ ವಿಭಾಗ, ಶೂನ್ಯ ಪ್ರಾಕ್ಕಲ್ಪನೆಗಳು, ಕೋಷ್ಟಕಗಳು, ಕೊನೆಗೆ ಗಮನಾರ್ಹ ವ್ಯತ್ಯಾಸವಿದೆ ಅಥವಾ ಇಲ್ಲ ಎಂಬ ನಿರ್ಣಯ. ವಿಧಾನದಲ್ಲಿ ದೋಷವಿಲ್ಲದಿರಬಹುದು. ಆದರೆ ಇಂಥ ಪ್ರಬಂಧ ಬರೆಯಲು ಶಿಕ್ಷಕನಾಗಿರಬೇಕಾದ ಆವಶ್ಯಕತೆಯೇ ಇಲ್ಲ. ಅಪರಿಚಿತ ಶಾಲೆಗೆ ಒಂದು ಮಧ್ಯಾಹ್ನ ಹೋಗಿ ಕಾಗದ ಹಂಚಿ ಬಂದರೆ ಕೆಲಸವಾಗುತ್ತದೆ. ಕೆಲಸದಲ್ಲಿರುವ ಶಿಕ್ಷಕನೂ ತನ್ನ ತರಗತಿಯನ್ನು ಬಿಟ್ಟು ಹಾಗೆಯೇ ಹೋಗಿ ಬರುವನಾದರೆ, ಕೊಡಲಿಯನ್ನು ಮನೆಯಲ್ಲಿಟ್ಟು ಕಾಡಿಗೆ ಹೋದಂತಾಯಿತು.

ಶಿಕ್ಷಕನಿಂದ ಮಾತ್ರ ಆಗತಕ್ಕ ಸಂಶೋಧನೆ ಯಾವುದು? ದಕ್ಷಿಣ ಕರ್ಣಾಟಕದ ಅನೇಕ ಊರುಗಳ ಮಾತಿನಲ್ಲಿ ಪದಾದಿಯ ಹಕಾರ ಕೇಳಿಬರುವುದಿಲ್ಲ. ಮಗುವಿನ ಬಾಯಲ್ಲಿ ಹಕ್ಕಿಯೂ ಅಕ್ಕಿಯೂ ಒಂದೇ. ಶಾಲೆಗೆ ಬಂದ ಮಗು ಹಳ್ಳವನ್ನು ಅಳ್ಳವೆಂದು ಬರೆಯುತ್ತದೆ. ತಿದ್ದಿದರೆ ಆನೆಗೂ ಹಕಾರ ಹಚ್ಚಿ ಹಾನೆಯೆಂದು ಬರೆದುಬಿಡುತ್ತದೆ. ಇದು ಅಜ್ಞಾನವಲ್ಲ, ಮನೆಮಾತಿನ ವ್ಯವಸ್ಥೆ; ಎರಡನೆಯ ತಪ್ಪಂತೂ ನಿಯಮವನ್ನು ಹಿಡಿಯಹೊರಟ ಬುದ್ಧಿಯ ಗುರುತು. ಯಾವ ಪದಗಳಲ್ಲಿ ಹಕಾರ ಮೊದಲು ನೆಲೆಯಾಗುತ್ತದೆ, ಓದಿನಿಂದಲೋ ಬರವಣಿಗೆಯಿಂದಲೋ, ಬೈದರೆ ಏನಾಗುತ್ತದೆ, ಬೈಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮೂವತ್ತು ಮಕ್ಕಳ ಬರವಣಿಗೆಯ ಪುಸ್ತಕಗಳಲ್ಲಿ ಒಂದು ವರ್ಷ ಕಾದು ನೋಡಬಲ್ಲವನು ಆ ಮಕ್ಕಳ ಶಿಕ್ಷಕನೊಬ್ಬನೆ. ಆ ಪುಸ್ತಕಗಳೇ ಅವನಿಗೆ ಹಸ್ತಪ್ರತಿಗಳು. ಅಲ್ಲಿಯ ತಪ್ಪುಗಳೇ ಪಾಠಾಂತರಗಳು. ಪಾಠಾಂತರಗಳನ್ನು ಹೇಗೆ ನೋಡಬೇಕೆಂಬುದನ್ನು ಗ್ರಂಥಸಂಪಾದಕರಿಂದ ಈ ಶಾಸ್ತ್ರದವರು ಕಲಿಯಬಹುದು. ಅಪಪಾಠವೆಂದು ಹೊಡೆದುಹಾಕುವುದಕ್ಕೆ ಮುಂಚೆ ಅದು ಹೇಗೆ ಹುಟ್ಟಿತೆಂದು ಕೇಳುವ ತಾಳ್ಮೆ ಅಲ್ಲಿಯದು. ಹೀಗೆ ಮಾಡಿದಾಗ ಮೇಲೆ ಹೇಳಿದ 81 ಗಂಟೆಗಳ ಲೆಕ್ಕವೂ ಬದಲಾಗುವುದು: ಪಾಠದ ಗಂಟೆಯೂ ವ್ಯಾಸಂಗದ ಗಂಟೆಯೂ ಕೆಲಮಟ್ಟಿಗೆ ಒಂದೇ ಆಗುವುವು.

ಪರೀಕ್ಷೆಯ ವಿಚಾರದಲ್ಲಿ ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲೆರಡು ಅಂಕಗಳನ್ನು ಸಾಹಿತ್ಯದ ಅಧ್ಯಾಪಕರು ಮತ್ತೊಮ್ಮೆ ಓದುವುದು ಒಳ್ಳೆಯದು. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂಬ ಕಲಹ. ತೀರ್ಪುಗಾರಳಾದ ಪರಿವ್ರಾಜಿಕೆಯ ಅಭಿಪ್ರಾಯದಂತೆ ಕೆಲವರಲ್ಲಿ ವಿದ್ಯೆ ತಮ್ಮಲ್ಲಿಯೇ ಶೋಭಿಸುವುದು, ಕೆಲವರಲ್ಲಿ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ವಿಶೇಷ. ಎರಡೂ ಉಳ್ಳವನು ಶಿಕ್ಷಕರಲ್ಲಿ ಮೊದಲಿಗ. ಅದರಂತೆ ಆಚಾರ್ಯರ ಪರೀಕ್ಷೆ ಶಿಷ್ಯೆಯ ಪ್ರಯೋಗದಿಂದ ನಡೆಯುತ್ತದೆ. ರಂಗದ ಮೇಲೆ ಬರುವವಳು ಮಾಲವಿಕೆ. ಈ ಪರೀಕ್ಷೆಯೆಲ್ಲ ರಾಜನಿಗೆ ಮಾಲವಿಕೆಯನ್ನು ತೋರಿಸಲು ವಿದೂಷಕನು ಹೂಡಿದ ಹೂಟವೆಂಬುದನ್ನು ಮರೆಯಬಾರದು. ನೆಪವಾದರೂ ನಂಬುವಂತಿರಬೇಕಾದುದರಿಂದ ಕವಿಯು ಅದರಲ್ಲಿ ತನ್ನ ಕಾಲದ ವಿವೇಕವನ್ನು ಇಟ್ಟಿದ್ದಾನೆ. ಎಂ.ಎಡ್. ಪರೀಕ್ಷೆಯು ಶಿಕ್ಷಕನ ಆತ್ಮಸಂಸ್ಥವಾದ ವಿದ್ಯೆಯನ್ನು ಲೇಖನದಲ್ಲಿ ಅಳೆಯುತ್ತದೆ. ದಾಟಿದ ವಿದ್ಯೆಯನ್ನು ನೋಡಲು ಪರೀಕ್ಷಕನು ಆ ಶಿಕ್ಷಕನ ಶಾಲೆಗೆ ಹೋಗಬೇಕಾಗುವುದು. ಪೂರ್ಣಕಾಲದ ವಿದ್ಯಾರ್ಥಿಗೆ ತನ್ನದೆನ್ನುವ ಶಾಲೆಯಿಲ್ಲ, ಅವನ ವಿಷಯದಲ್ಲಿ ಇದು ಸಾಧ್ಯವಿಲ್ಲ. ಅರೆಕಾಲಿಕನ ವಿಷಯದಲ್ಲಿ ಸಾಧ್ಯವಿದ್ದೂ ಬಿಡುವುದು ಏಕೆ?

ಗಣದಾಸನ ಬಾಯಲ್ಲಿ ಇನ್ನೊಂದು ಕಟುವಾದ ಮಾತೂ ಇದೆ: ಕೇವಲ ಜೀವಿಕೆಗಾಗಿ ಶಾಸ್ತ್ರ ಕಲಿತವನು ಜ್ಞಾನದ ವರ್ತಕ. ಬಡ್ತಿಗಾಗಿ ಪದವಿ ಬಯಸುವ ಶಿಕ್ಷಕರ ಮೇಲೆ ಈ ಮಾತನ್ನು ಎಸೆಯುವುದು ಸುಲಭ, ನ್ಯಾಯವಲ್ಲ. ಹಾಗೆ ಹೇಳಿದ ಗಣದಾಸನೂ ಅರಮನೆಯ ಸಂಬಳದವನೇ. ಸಂಸಾರಿಯಾದ ಶಿಕ್ಷಕನು ಸಂಬಳವನ್ನು ಬಯಸುವುದರಲ್ಲಿ ತಪ್ಪಿಲ್ಲ. 1918ರಲ್ಲಿ ಬಿ.ಎ. ಮುಗಿಸಿ ಧಾರವಾಡದಲ್ಲಿ ಶಿಕ್ಷಕರಾದ ದ. ರಾ. ಬೇಂದ್ರೆಯವರು ಎಂ.ಎ. ಆದುದು 1935ರಲ್ಲಿ, 39ನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲೇ, 1932ರಲ್ಲಿ, ‘ಗರಿ’ ಪ್ರಕಟವಾಗಿತ್ತು. ವಿದ್ಯೆ ಮೊದಲು ಬಂದು ಪದವಿ ಆಮೇಲೆ ಬಂದಲ್ಲಿ ಪದವಿಯಿಂದ ಹಾನಿಯಿಲ್ಲ. ಹಾನಿಯಾಗುವುದು ಪದವಿಯೇ ಪಣ್ಯವಾಗಿ, ಹಾಜರಿಯನ್ನು ಕಾಗದದಲ್ಲಿ ತೋರಿಸಿ, ಪ್ರಬಂಧವನ್ನು ಬೇರೆಯವರಿಂದ ಬರೆಯಿಸಿ ಕೊಂಡೊಯ್ಯುವಂತಾದಾಗ. ಅಸಾಧ್ಯವಾದ ಗಂಟೆಗಳನ್ನು ವಿಧಿಸುವ ನಿಯಮವೇ ಇಂಥ ಕಪಟಕ್ಕೆ ಮೊದಲ ಬಾಗಿಲು ತೆಗೆಯುವುದೆಂಬುದನ್ನು ನಿಯಮ ಮಾಡುವವರು ಗಮನಿಸಬೇಕು.

ಆದುದರಿಂದ ಕರಡಿನಲ್ಲಿ ತೋರಿದ ಎರಡು ವರ್ಷ ಸಾಕೆ, ಮೂರು ಬೇಕೆ ಎಂಬ ವಾದಕ್ಕಿಂತ ಮುಂಚೆ ಗೊತ್ತಾಗಬೇಕಾದುವು ಬೇರೆ ಇವೆ. ಮೊದಲಿಯಾರ್ ಆಯೋಗದ ಮೂರು ವರ್ಷದ ಅನುಭವವನ್ನು ಅರೆಕಾಲಿಕರಿಗಾದರೂ ಪ್ರವೇಶದ ನಿಯಮವಾಗಿ ಮಾಡುವರೆ? ಓದುವ ಶಿಕ್ಷಕನ ಪಾಠದ ಅವಧಿಗಳನ್ನು ವಾರಕ್ಕೆ ಕೆಲವನ್ನಾದರೂ ಇಳಿಸಿ, ಇಳಿಸಿದ ಅವಧಿಗೆ ಇನ್ನೊಬ್ಬರನ್ನು ಕೊಡುವರೆ? ಕೊಡದಿದ್ದರೆ ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಶನಿವಾರ ಬೆಳಿಗ್ಗೆ ಒಬ್ಬರು ಎಂ.ಎಡ್. ಪಾಠಕ್ಕೆ ಹೋದಾಗ ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಬೇಕಾಗುವುದು, ಮತ್ತು ಆ ದಿನ ಹೋದವರು ಅಲ್ಲಿ ಕೇಳುವ ಪಾಠ ಬಹುಶಃ ಬಹುವರ್ಗಬೋಧನೆಯನ್ನು ಕುರಿತದ್ದಾಗಿರುವುದು.